ಸೋಮವಾರ ನೀರು ಬರುವುದಿಲ್ಲ

ಇಂಟರ್ನೆಟ್ಟಿನಲ್ಲಿ ಬರುವ ಸುಳ್ಳು ಸುದ್ದಿಯನ್ನು ಗುರುತಿಸಲು ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ಯಾದಗಿರಿಯಲ್ಲಿ ನಮಗೆ ತರಬೇತಿ ಕೊಟ್ಟರು. ಸುಳ್ಳು ಸುದ್ದಿಯನ್ನು ಹುಟ್ಟಿಸುವುದು ಹೇಗೆ ಎಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಅದನ್ನು ನಾನು ಸ್ವಂತ ಪ್ರತಿಭೆಯಿಂದ ಸಾಧಿಸಿದೆ!

ತರಬೇತಿಗೆ ‘ಮಾರ್ಗದರ್ಶಿತ ಅಂತರ್ಜಾಲ ಶೋಧನಾ ಚಟುವಟಿಕೆ’ ಎಂದು ಹೆಸರು. ಹೆಸರು ಕೇಳಿಯೇ ಅರ್ಧದಷ್ಟು ಶಿಕ್ಷಕರು ಚಹಾ ಕುಡಿಯಲು ಎದ್ದು ಹೋದರು. ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ ವಿಜ್ಞಾನ ಕಲಿಸುವ ನಾನು ಮಾತ್ರ ಮುಂದಿನ ಸಾಲಿನಲ್ಲಿ ಗಟ್ಟಿಯಾಗಿ ಕುಳಿತೆ. ವಿಷಯ ಇಷ್ಟೇ: ಮಕ್ಕಳನ್ನು ಇಂಟರ್ನೆಟ್ಟಿನಲ್ಲಿ ಕೈಬಿಟ್ಟು ಬಿಡಬಾರದು. ಶಿಕ್ಷಕರೇ ಮೊದಲು ಕೆಲವು ಪುಟಗಳನ್ನು ಆರಿಸಿ ಇಡಬೇಕು. ಮಕ್ಕಳು ಅವನ್ನು ಓದಿ, ಹೋಲಿಸಿ ನೋಡಿ, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ತಾವೇ ತೀರ್ಮಾನಿಸಬೇಕು.

“ಪ್ರತಿ ಪುಟಕ್ಕೂ ನಾಲ್ಕು ಪ್ರಶ್ನೆ ಕೇಳಿಸಿ,” ಎಂದರು ತರಬೇತಿ ಕೊಡಲು ಬಂದಿದ್ದ ಮೇಡಂ. “ಇದನ್ನು ಯಾರು ಬರೆದಿದ್ದಾರೆ? ಯಾವಾಗ ಬರೆದಿದ್ದಾರೆ? ಇದೇ ಮಾತು ಬೇರೆ ಕಡೆ ಇದೆಯೇ? ಇದನ್ನು ಜನ ನಂಬಿದರೆ ಯಾರಿಗೆ ಲಾಭ?”

ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಯ ಪ್ರಶ್ನೆ ಬಹಳ ಹಿಡಿಸಿತು. ಮುಂದೆ ಅದೇ ಪ್ರಶ್ನೆ ನಡುಬೀದಿಯಲ್ಲಿ ನನ್ನ ಮಾನ ತೆಗೆಯಲಿದೆ ಎಂದು ಆಗ ಹೇಗೆ ಗೊತ್ತಾಗಬೇಕು!

“ವಿಷಯ ಮಕ್ಕಳ ಬದುಕಿಗೆ ಹತ್ತಿರವಾಗಿರಲಿ,” ಎಂದೂ ಅವರು ಹೇಳಿದರು. “ಅವರ ಮನೆಯಲ್ಲಿ ಚರ್ಚೆ ಆಗುವಂತಿರಲಿ.”

ಮನೆಯಲ್ಲಿ ಏಕೆ, ಊರಲ್ಲೇ ಚರ್ಚೆ ಆಯಿತು. ಸುರಪುರದವರೆಗೂ ಆಯಿತು.

ತರಬೇತಿ ಮುಗಿಸಿ ಊರಿಗೆ ಬಂದಾಗ ನಮ್ಮ ಮನೆಯವರು ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ನಮ್ಮ ಮನೆಯವರು ಎಂದರೆ ದೇವಿಂದ್ರಪ್ಪ. ನನ್ನ ಸಂಬಳ ಬರುವವರೆಗೂ ಕಾಯದೆ ಹೊಲದ ಮೇಲೆಯೇ ಸಂಸಾರ ನಡೆಸಬೇಕೆಂಬ ಹಟದ ಮನುಷ್ಯ. ನಮ್ಮ ಹೊಲ ಉಪಕಾಲುವೆಯ ಮೇಲಿನ ಭಾಗದಲ್ಲಿದೆ. ಕಾಲುವೆಗೆ ನೀರು ಬಿಟ್ಟರೆ ಮೊದಲು ಮುಟ್ಟುವುದು ನಮ್ಮಂಥವರಿಗೆ. ಕೊನೆಯ ಭಾಗದವರು ನಮ್ಮ ಕಡೆ ಒಳ್ಳೆಯ ಕಣ್ಣಿನಿಂದ ನೋಡುವುದು ಅಷ್ಟಕ್ಕಷ್ಟೇ.

ಆ ವರ್ಷ ಅವರು ಬಾವಿಯ ಪಕ್ಕ ಭತ್ತದ ಸಸಿ ಹಾಕಿದ್ದರು. ಬಾವಿಯಲ್ಲಿದ್ದ ಚೂರುಪಾರು ನೀರನ್ನು ಬೆಳಗ್ಗೆ ಸಂಜೆ ಅದಕ್ಕೇ ಕುಡಿಸಿ, ಮಗುವಿನ ಹಾಗೆ ಸಾಕಿದ್ದರು. ಸಸಿ ಊರಿನಲ್ಲೇ ಚೆನ್ನಾಗಿ ಬಂದಿತ್ತು. ಕಾಲುವೆ ನೀರು ಬಂದರೆ ನಾಟಿ, ಬರದಿದ್ದರೆ ಸಸಿ ಬಲಿತು ದನದ ಪಾಲು. ಬಾವಿಯೋ, ತಳ ತೋರಿಸುತ್ತಿತ್ತು. ವರ್ಷದ ಬೆಳೆಯೆಲ್ಲ ಆ ಸಣ್ಣ ಹಸಿರು ಮಡಿಯಲ್ಲಿ ನಿಂತಿತ್ತು.

ನಾನು ಉತ್ಸಾಹದಿಂದ ತರಬೇತಿಯ ವಿವರ ಹೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳಿದರು:

“ಅದೆಲ್ಲಾ ಇರ್ಲಿ. ನಿನ್ನ ಇಂಟರ್ನೆಟ್ಟಿನಾಗ ಕಾಲುವಿಗಿ ನೀರ ಯಾವಾಗ ಬಿಡ್ತಾರ ಅಂತ ತೋರಸ್ತದೇನು?”

ನನ್ನ ತಲೆಯಲ್ಲಿ ಫಕ್ಕನೆ ದೀಪ ಹತ್ತಿತು. ನಮ್ಮೂರ ಮಕ್ಕಳ ಬದುಕಿಗೆ ಹತ್ತಿರದ ವಿಷಯ ಇದಕ್ಕಿಂತ ಬೇರೆ ಏನಿದೆ? ಬೇಸಿಗೆ ಮುಗಿಯುತ್ತ ಬಂದರೆ ನಮ್ಮಲ್ಲಿ ಯಾರೂ ‘ಆರಾಮ ಇದ್ದೀರಾ’ ಎಂದು ಕೇಳುವುದಿಲ್ಲ, ‘ನೀರಿನ ಸುದ್ದಿ ಏನರೆ ಬಂತೇನ್ರಿ’ ಎಂದೇ ಕೇಳುತ್ತಾರೆ.

ಭಾನುವಾರ ಮಧ್ಯಾಹ್ನ ಕುಳಿತು ಚಟುವಟಿಕೆ ಸಿದ್ಧಪಡಿಸಿದೆ. ಕೃಷ್ಣಾ ನದಿಯ ಬಗ್ಗೆ ಒಂದು ಪುಟ, ಹವಾಮಾನದ್ದು ಒಂದು, ಜಲಾಶಯಗಳ ಬಗ್ಗೆ ಪತ್ರಿಕೆಯೊಂದರ ಪುಟ. ಇವು ಮೂರೂ ಅಸಲಿ. ನಾಲ್ಕನೆಯದು ನಕಲಿ. ಅದನ್ನು ನಾನೇ ಬರೆದೆ, ಪುಕ್ಕಟೆ ಪುಟ ಮಾಡಿಕೊಡುವ ಒಂದು ಕಡೆ ಹಾಕಿದೆ. ‘ಬರುವ ಸೋಮವಾರ ಬೆಳಗ್ಗೆ ಎಲ್ಲಾ ಉಪಕಾಲುವೆಗಳಿಗೆ ನೀರು ಹರಿಸಲಾಗುವುದು, ರೈತ ಬಾಂಧವರು ನಾಟಿಗೆ ಸಜ್ಜಾಗತಕ್ಕದ್ದು’ ಎಂದು ಗಂಭೀರವಾದ ಪ್ರಕಟಣೆ. ಮಕ್ಕಳಿಗೆ ಸುಳ್ಳು ಸುಲಭವಾಗಿ ಸಿಗಲಿ ಎಂದು ಧಾರಾಳವಾಗಿ ತಪ್ಪು ತುಂಬಿದೆ. ಈ ಭೂಮಿಯ ಮೇಲೆ ಇಲ್ಲದ ಒಂದು ಕಚೇರಿಯ ಹೆಸರು ಹಾಕಿದೆ. ಪ್ರಕಟಣೆಯ ದಿನ ಜೂನ್ ಮೂವತ್ತೊಂದು ಎಂದೆ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇದು ಕಲಿಕೆಗಾಗಿ ಬರೆದ ಕಾಲ್ಪನಿಕ ಪುಟ’ ಎಂದೂ ಸೇರಿಸಿದೆ. ಕಾನೂನು ಪ್ರಕಾರ ನಾನು ಶುದ್ಧಳು!

ಗುರುವಾರ ತರಗತಿ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಂಪ್ಯೂಟರುಗಳಿವೆ, ಇಲ್ಲವೆಂದಲ್ಲ. ಅವುಗಳ ಮುಂದೆ ಬಿಸಿಯೂಟದ ಅಕ್ಕಿ ಚೀಲಗಳಿವೆ. ಚೀಲ ಸರಿಸಿ ಸ್ವಿಚ್ ಹಾಕಿದರೆ ಒಂದು ಕಂಪ್ಯೂಟರು ಕೆಮ್ಮಿದ ಹಾಗೆ ಸದ್ದು ಮಾಡಿ ಸುಮ್ಮನಾಯಿತು, ಉಳಿದವು ಅಷ್ಟನ್ನೂ ಮಾಡಲಿಲ್ಲ. ಇದು ಮೊದಲೇ ಗೊತ್ತಿದ್ದರಿಂದ ನಾನು ಹೆಡ್‌ಮಾಸ್ಟರರ ಅಪ್ಪಣೆ ಪಡೆದು, ಮಕ್ಕಳಿಗೆ ಆ ಒಂದು ದಿನ ಅಪ್ಪಂದಿರ ಮೊಬೈಲು ತರಲು ಹೇಳಿದ್ದೆ.

“ಮೇಡಂ, ಏನರೆ ಹೆಚ್ಚುಕಮ್ಮಿ ಆದ್ರ?” ಎಂದು ಹೆಡ್‌ಮಾಸ್ಟರರು ಕೇಳಿದ್ದರು.

“ಮೊಬೈಲ್ ಒಡೀಲಾರದಂಗ ನೋಡ್ಕೋತೀನ್ರಿ ಸರ್,” ಎಂದಿದ್ದೆ. ಮೊಬೈಲ್ ಒಂದೂ ಒಡೆಯಲಿಲ್ಲ. ಉಳಿದದ್ದೆಲ್ಲ ಒಡೆಯಿತು.

ತರಗತಿ ಮಾತ್ರ ಅದ್ಭುತವಾಗಿ ನಡೆಯಿತು. ಅದನ್ನು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಮಕ್ಕಳು ಗುಂಪುಗುಂಪಾಗಿ ಮೊಬೈಲಿನ ಮೇಲೆ ತಲೆ ಇಟ್ಟು ಓದಿದರು, ವಾದ ಮಾಡಿದರು. ಎಲ್ಲರಿಗಿಂತ ಚುರುಕು ನಮ್ಮ ಪಕ್ಕದ ಮನೆಯ ಮೌಲಾಲಿಯ ಮಗಳು ರೇಷ್ಮಾ. ಮೊದಲ ಸಾಲಿನಲ್ಲಿ ಕುಳಿತು, ಉತ್ತರ ಹೇಳುವ ಮೊದಲು ಎರಡು ಸಲ ಯೋಚಿಸುವ ಹುಡುಗಿ.

“ಟೀಚರ್, ಜೂನ್‌ದಾಗ ಮೂವತ್ತೊಂದು ಇರಂಗಿಲ್ಲಲ್ರಿ?” ಎಂದಳು.

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹನ್ನೆರಡು ತಿಂಗಳೂ ಬಾಯಿಪಾಠ ಮಾಡಿಸಿದ್ದು ಸಾರ್ಥಕವಾಯಿತು ಎನಿಸಿತು. ಇನ್ನು ತೀರ್ಮಾನ ಹೇಳಿಸಬೇಕು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಅಲ್ಲಿಗೆ ಸುಮ್ಮನೆ ಬಾಯಿ ಮುಚ್ಚಿಕೊಂಡು ‘ನಾಲ್ಕನೆಯದು ಸುಳ್ಳು’ ಎಂದು ಹೇಳಿ ಕಳಿಸಿದ್ದರೆ ಸಾಕಿತ್ತು. ಆದರೆ ನಾನು ತರಬೇತಿ ಪಡೆದವಳು!

“ಉತ್ತರ ನಾ ಹೇಳಂಗಿಲ್ಲ,” ಎಂದೆ. “ಮನ್ಯಾಗ ಹಿರಿಯರಿಗಿ ತೋರಸ್ರಿ, ಅವರಿಗಿ ಏನ ಅನಸ್ತದ ಕೇಳ್ರಿ. ಆಮ್ಯಾಲ ತೀರ್ಮಾನ ಮಾಡೂಣು.”

ಸಂಜೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮೌಲಾಲಿ ಓಡುತ್ತ ಬಂದ. ಅವನದು ಕಾಲುವೆಯ ಕೊನೆ ಭಾಗದ ಹೊಲ. ನೀರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೆಸರಿಗೆ ಮಾತ್ರ ನೀರಾಗಿರುತ್ತದೆ. ಓಡಿ ಬಂದವನ ಮುಖ ಹಬ್ಬದ ದಿನದ ಹಾಗೆ ಅರಳಿತ್ತು.

“ಅಕ್ಕಾ, ದೇವಿಂದ್ರಪ್ಪ ಎಲ್ಲಿ ಹೋಗ್ಯಾನ್ರಿ? ಸೋಮವಾರ ನೀರ ಬಿಡಾಕತ್ಯಾರ!”

ಮೊರ ನನ್ನ ಕೈಯಿಂದ ಜಾರಿತು. ಜೋಳ ಅಂಗಳದ ತುಂಬ ಆಯಿತು.

“ಯಾರ ಹೇಳಿದ್ರು ಅಣ್ಣಾ?”

“ಸಾಲ್ಯಾಗೇ ಹೇಳ್ಯಾರಂತಲ್ರಿ! ನನ್ನ ಮೊಬೈಲ್‌ದಾಗ ಬಂದದ ನೋಡ್ರಿ. ಎಲ್ಲಾ ಗ್ರೂಪಿಗೂ ಹಾಕೀನಿ.”

ತೋರಿಸಿದ. ನನ್ನದೇ ಪುಟ. ಪರದೆಯ ಮೇಲೆ ಕಂಡಷ್ಟನ್ನು ಚಿತ್ರ ತೆಗೆದು ಕಳಿಸಿದ್ದ. ಕೆಳಗಿನ ಸಣ್ಣ ಅಕ್ಷರದ ಸಾಲು ಅದರಲ್ಲಿ ಬಂದಿರಲಿಲ್ಲ. ಅಸಲಿ ಪುಟಗಳು ಮೂರಿದ್ದವು. ಅವುಗಳಲ್ಲಿ ಒಂದನ್ನೂ ಯಾರೂ ಯಾರಿಗೂ ಕಳಿಸಿರಲಿಲ್ಲ.

“ಅಣ್ಣಾ, ಇದು ಸುಳ್ಳು. ಹುಡುಗರಿಗಿ ಕಲಸಾಕಂತ ನಾನೇ ಬರದೀನಿ,” ಎಂದೆ.

ಮೌಲಾಲಿ ನಕ್ಕ. ದೊಡ್ಡ ಮನಸ್ಸಿನ ನಗು. “ನೀವ್ಯಾಕ ಬರೀತೀರಿ ಅಕ್ಕಾ? ನೋಡ್ರಿ ಇಲ್ಲಿ, ‘ಸಜ್ಜಾಗತಕ್ಕದ್ದು’ ಅಂತ ಅದ. ಮನಿ ಮಂದಿ ಬರಿಯೂ ಮಾತೇನಿದು?”

ಗಂಭೀರವಾಗಿ ಬರೆಯಬೇಕೆಂದು ಪಟ್ಟ ಶ್ರಮಕ್ಕೆ ಇಷ್ಟು ಬೇಗ ಫಲ ಸಿಕ್ಕೀತು ಎಂದುಕೊಂಡಿರಲಿಲ್ಲ.

“ತಾರೀಖು ನೋಡ್ರಿ! ಜೂನ್ ಮೂವತ್ತೊಂದು ಎಲ್ಲರೆ ಇರ್ತದೇನು?”

ಅವನು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. “ಆಫೀಸಿನ ಕಾಗದ ಅಂದಮ್ಯಾಲ ಇಂಥಾ ತಪ್ಪು ಇರೂದೇ ಬಿಡ್ರಿ. ನಮ್ಮ ರೇಷನ್ ಕಾರ್ಡಿನಾಗ ನನ್ನ ಹೆಂಡ್ತೀನ್ನ ಗಂಡಸು ಮಾಡ್ಯಾರ. ಹಂಗಂತ ರೇಷನ್ ಬಂದಿಲ್ಲೇನು?”

ತಪ್ಪಿಲ್ಲದೆ ಬರೆದಿದ್ದರೆ ಬಹುಶಃ ಅನುಮಾನ ಬರುತ್ತಿತ್ತು. ನಾನು ಹಾಕಿದ ಒಂದೊಂದು ತಪ್ಪೂ ಅದಕ್ಕೆ ಸರ್ಕಾರಿ ಮುದ್ರೆ ಒತ್ತಿತ್ತು!

ಶುಕ್ರವಾರ ಬೆಳಗಾಗುವ ಹೊತ್ತಿಗೆ ಕೊನೆ ಭಾಗದವರೆಲ್ಲ ಸಲಿಕೆ, ಕೊಡಲಿ ಹಿಡಿದು ಕಾಲುವೆಗೆ ಇಳಿದಿದ್ದರು. ನಮ್ಮಲ್ಲಿ ಹಾಗೇ ಪದ್ಧತಿ. ನೀರಿನ ಸುದ್ದಿ ಖಾತ್ರಿಯಾದರೆ ಮನೆಗೊಬ್ಬರಂತೆ ಸೇರಿ ಕಾಲುವೆಯ ಹೂಳು ತೆಗೆಯುತ್ತಾರೆ, ಜಾಲಿ ಕಡಿಯುತ್ತಾರೆ. ಸುದ್ದಿ ಖಾತ್ರಿಯಾಗದೆ ಯಾರೂ ಮೈ ಬಗ್ಗಿಸುವುದಿಲ್ಲ. ಈಗ ಊರಿಗೆ ಊರೇ ಮೈ ಬಗ್ಗಿಸಿತ್ತು. ಇದನ್ನು ಕಂಡು ಪಕ್ಕದ ಊರಿನವರೂ ತಮ್ಮ ಕಡೆಯ ಕಾಲುವೆಗೆ ಇಳಿದರು. ಅವರನ್ನು ಕಂಡು ಅದರಾಚೆಯವರೂ ಇಳಿದರು. ಹೂಳು ತೆಗೆದ ಕಾಲುವೆಯನ್ನು ನೋಡಿದರೆ ಯಾರಿಗಾದರೂ ನೀರು ಬರುತ್ತದೆಂದೇ ಅನಿಸುತ್ತಿತ್ತು.

ನಾನು ಓಡಿಹೋಗಿ ಪುಟವನ್ನೇ ಅಳಿಸಿ ಹಾಕಿದೆ. ಈಗ ತೆರೆದರೆ ‘ಈ ಪುಟ ಲಭ್ಯವಿಲ್ಲ’ ಎಂದು ಬರುತ್ತಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂದು ನೀರು ಕುಡಿದು ಕುಳಿತೆ. ಅರ್ಧ ತಾಸಿನಲ್ಲಿ ಗ್ರೂಪಿನಲ್ಲಿ ಹೊಸ ಸುದ್ದಿ ಹರಿದಾಡಿತು: ‘ನೀರು ಬಿಡುವ ಸುದ್ದಿಯನ್ನು ಮುಚ್ಚಿಡಲು ಒತ್ತಡ! ಪುಟ ತೆಗೆಸಿದ್ದಾರೆ! ಎಲ್ಲರಿಗೂ ಕಳಿಸಿ!’

ಎಲ್ಲರೂ ಎಲ್ಲರಿಗೂ ಕಳಿಸಿದರು. ಸುರಪುರದಲ್ಲಿರುವ ನನ್ನ ತಮ್ಮ ನನಗೇ ಕಳಿಸಿದ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅದಕ್ಕೊಂದು ದುಂಡು ಸೀಲು, ಕೆಳಗೊಂದು ಹಸಿರು ಸಹಿ ಬಂದು ಕುಳಿತಿದ್ದವು. ‘ಅಕ್ಕಾ, ನಿಮ್ಮ ಕಡಿ ನೀರ ಬಿಡ್ತಾರಂತ. ಖಾತ್ರಿ ಸುದ್ದಿ. ಮಾವಗ ಹೇಳು’ ಎಂದು ಬರೆದಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸೀಲು ನೋಡಿ ಒಂದು ಗಳಿಗೆ ನನಗೂ ನಂಬಿಕೆ ಬಂತು!

ಶನಿವಾರ ಸಂಜೆ ಊರ ನಡುವಿನ ಕಟ್ಟೆಯ ಮುಂದೆ ನಿಂತು ಬಹಿರಂಗವಾಗಿ ತಪ್ಪು ಒಪ್ಪಿಕೊಳ್ಳಲು ನಿರ್ಧರಿಸಿದೆ. ಮಂದಿ ಕಾಲುವೆ ಕೆಲಸ ಮುಗಿಸಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಅಲ್ಲಿ ಕುಳಿತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ:

“ನೋಡ್ರಿ, ಈ ಸುದ್ದಿ ನಾನೇ ಬರದಿದ್ದು. ಹುಡುಗರಿಗಿ ಸುಳ್ಳು ಹುಡುಕೂದು ಕಲಸಾಕ ಬರದೆ. ಸೋಮವಾರ ನೀರ ಬರಂಗಿಲ್ಲ. ಕೈ ಮುಗೀತೀನಿ, ನಂಬಬ್ಯಾಡ್ರಿ.”

ಒಬ್ಬಿಬ್ಬರು ತಲೆ ಆಡಿಸಿದರು. ಅಬ್ಬ, ಮುಟ್ಟಿತು ಎಂದುಕೊಂಡೆ. ಆಗ ಅಪ್ಪನ ಪಕ್ಕ ನಿಂತಿದ್ದ ರೇಷ್ಮಾ ಕೈ ಎತ್ತಿದಳು. ತರಗತಿಯಲ್ಲಿ ಎತ್ತುವ ಹಾಗೆಯೇ.

“ಟೀಚರ್, ಒಂದ ಪ್ರಶ್ನೆ ಕೇಳ್ಲೇನ್ರಿ?”

“ಕೇಳವ್ವ.”

“ಈ ಮಾತು ಮಂದಿ ನಂಬಿದ್ರ ಲಾಭ ಯಾರಿಗ್ರಿ?”

“ಯಾವ ಮಾತು?”

“ನೀರ ಬರಂಗಿಲ್ಲ ಅನ್ನೂದು.”

ಕಟ್ಟೆಯ ಮೇಲೆ ಕುಳಿತವರೆಲ್ಲ ನಿಧಾನವಾಗಿ ನನ್ನ ಕಡೆ ತಿರುಗಿದರು. ಮೌಲಾಲಿ ಮಗಳ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಮೇಲ್ಗಡೆಯ ನಮ್ಮ ಹೊಲದ ದಿಕ್ಕಿಗೆ ನೋಡಿದ.

“ಹೌದಲ್ಲ!” ಎಂದಿತು ಯಾವುದೋ ಒಂದು ದನಿ. “ನಾವು ನಾಟಿ ಮಾಡಲಿಲ್ಲಂದ್ರ ನೀರೆಲ್ಲಾ ಮ್ಯಾಲಿನ ಮಂದೀಗೇ ಆಯ್ತಲ್ಲ!”

“ಅದಕ್ಕಂತ ಟೀಚರ್‌ನ ಕಳಿಸ್ಯಾರ!” ಎಂದಿತು ಇನ್ನೊಂದು.

ಇಷ್ಟು ವರ್ಷದ ನೌಕರಿಯಲ್ಲಿ ಕಲಿಸಿದ ಪಾಠ ಇಷ್ಟು ಚೆನ್ನಾಗಿ ಯಾವ ಮಗುವಿಗೂ ಹತ್ತಿರಲಿಲ್ಲ. ಅವಳನ್ನು ಬೈಯಲೂ ಆಗದು, ಶಹಬ್ಬಾಸ್ ಎನ್ನಲೂ ಆಗದು. ಸೆರಗು ಸರಿಮಾಡಿಕೊಂಡು ಮನೆಯ ದಾರಿ ಹಿಡಿದೆ. ಹಾದಿಯುದ್ದಕ್ಕೂ ಅಳು ಬಂತು. ಕಲಿಸಬಾರದಿತ್ತು ಎನಿಸಿತು. ಕಲಿಸಿದರೂ ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ನಾಟಿ ಹೆಣ್ಣಾಳುಗಳ ಗುಂಪು ಕರೆತರುವ ಯಂಕಮ್ಮ ನಮ್ಮ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತ ಕುಳಿತಿದ್ದಳು. ಪ್ರತಿ ವರ್ಷ ಗುರುಮಠಕಲ್ ಕಡೆಯಿಂದ ಗುಂಪು ಕಟ್ಟಿಕೊಂಡು ಬರುವ ಈಕೆ ಮೊದಲು ನಮ್ಮ ಹೊಲದ ನಾಟಿ ಮುಗಿಸಿಯೇ ಬೇರೆಯವರ ಹೊಲಕ್ಕೆ ಹೋಗುವುದು ವಾಡಿಕೆ.

“ನೀರ ಸುದ್ದಿ ಕೇಳಿ ಬಂದೀನಮ್ಮಾ,” ಎಂದಳು. “ಮಂಗಳವಾರ ಹೆಣ್ಣಾಳು ಇಳಸ್ತೀನಿ. ಹೌದಂದ್ರ ಹೌದನ್ರಿ. ಎಲ್ಲಾ ಊರಾಗೂ ಕರ್ಯಾಕತ್ಯಾರ.”

ನಮ್ಮ ಮನೆಯವರು ನನ್ನ ಮುಖ ನೋಡಿದರು. ಸಸಿ ಬಲಿಯತೊಡಗಿತ್ತು. ಬಾವಿ ಹಿಂದಿನ ದಿನವೇ ಕೈ ಕೊಟ್ಟಿತ್ತು. ಇನ್ನೊಂದು ವಾರ ತಡೆದರೆ ಆ ಸಸಿ ನಾಟಿಗೆ ಬರುವ ಹಾಗಿರಲಿಲ್ಲ.

“ಏನ್ ಮಾಡೂಣು ಹೇಳು,” ಎಂದರು.

“ಏನ್ ಮಾಡೂಣು ಅಂದ್ರ? ನೀರ ಬರಂಗಿಲ್ರಿ! ನಾನೇ ಬರದ ಸುಳ್ಳು ನನಗ ಗೊತ್ತಿಲ್ಲೇನು?”

“ಮಂದಿ ಎಲ್ಲಾ ತಯಾರಿ ಮಾಡಾಕತ್ಯಾರ...”

“ಮಂದಿಗಿ ಗೊತ್ತಿಲ್ಲ. ನಮಗ ಗೊತ್ತದ.”

“ನೀರ ಬಂದ್ರ?”

“ಎಲ್ಲಿಂದ ಬರ್ತದ್ರಿ? ನನ್ನ ಮೊಬೈಲಿನಾಗಿಂದ ಬರ್ತದೇನು?”

ಅವರು ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಒಳ್ಳೆಯ ಮನುಷ್ಯ, ಓದಿದ ಹೆಂಡತಿಯ ಮಾತಿನ ಮೇಲೆ ಭಕ್ತಿ. ಕೊನೆಗೆ ಯಂಕಮ್ಮನಿಗೆ ಹೇಳಿದರು, “ಈ ವರ್ಷ ನಮ್ಮದು ಬ್ಯಾಡವ್ವ, ನೀ ಮೌಲಾಲಿ ಹೊಲಕ್ಕ ಹೋಗು.”

ಅಷ್ಟಕ್ಕೇ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಮರುದಿನ ಮೌಲಾಲಿ ಸಂಕೋಚಪಡುತ್ತ ಬಂದ. ಹಿಂದಿನ ಸಂಜೆ ಕಟ್ಟೆಯ ಮುಂದೆ ಆದದ್ದಕ್ಕೆ ಅವನಿಗೆ ಬೇಸರವಾಗಿತ್ತು. “ಹುಡುಗಿ ಸಣ್ಣದು, ಮನಸ್ಸಿಗಿ ಹಚ್ಕೋಬ್ಯಾಡ್ರಿ ಅಕ್ಕಾ,” ಎಂದ. ಆಮೇಲೆ ವಿಷಯಕ್ಕೆ ಬಂದ. ನೀರಿಲ್ಲದೆ ಅವನ ಸಸಿ ಅರ್ಧಕ್ಕರ್ಧ ಒಣಗಿತ್ತು. ಯಂಕಮ್ಮ ಬರುವವಳಿದ್ದಳು, ನೆಡಲು ಸಸಿ ಸಾಲದು. “ನೀವು ನಾಟಿ ಮಾಡಂಗಿಲ್ಲಂತಲ್ರಿ... ಸಸಿ ಸುಮ್ನ ಹಾಳಾಗ್ತದ...”

ನನ್ನೊಳಗೆ ತ್ಯಾಗ ಮತ್ತು ವಿಜ್ಞಾನ ಒಟ್ಟಿಗೆ ಉಕ್ಕಿದವು. ಕೊಟ್ಟುಬಿಟ್ಟರೆ ನಾನು ನೀರಿನ ಆಸೆಗೆ ಸುಳ್ಳು ಹೇಳುತ್ತಿಲ್ಲ ಎಂದು ಊರಿಗೇ ಸಾಬೀತಾಗುತ್ತದೆ! ನಾಲ್ಕನೆಯ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ಉಂಟೇ?

“ಅಷ್ಟೂ ಒಯ್ಯಿರಿ ಅಣ್ಣಾ,” ಎಂದೆ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿ ಟೋಪಿ ಹಾಕಿಕೊಂಡು, ಮೌಲಾಲಿಯ ಜೊತೆ ಹೋಗಿ ತಾವೇ ಸಸಿ ಕಿತ್ತು ಕಟ್ಟು ಕಟ್ಟಿಕೊಟ್ಟು ಬಂದರು. ಸಂಜೆ ಊಟಕ್ಕೆ ಕುಳಿತಾಗ ಅವರ ಉಗುರಿನಲ್ಲಿ ಮಣ್ಣು ಇನ್ನೂ ಇತ್ತು. ಅದನ್ನು ನೋಡಲಾರದೆ ರೊಟ್ಟಿಯ ಬುಟ್ಟಿ ಮುಂದೆ ಸರಿಸಿದೆ. ಆದರೂ ಸತ್ಯ ನಮ್ಮ ಕಡೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸೋಮವಾರ ಬಂತು. ಬೆಳಗ್ಗೆ ಕಾಲುವೆ ಒಣಗಿ ಬಣಗುಡುತ್ತಿತ್ತು. ನನಗೆ ಆದ ಸಂತೋಷ ಎಂಥದೆಂದು ಹೇಳಲು ನಾಚಿಕೆಯಾಗುತ್ತದೆ. ಊರಿಗೆ ಊರೇ ನೀರಿಗಾಗಿ ಕಾಯುತ್ತಿರುವಾಗ ಬರಬಾರದು ಎಂದು ಹರಕೆ ಹೊತ್ತ ಹೆಂಗಸು ನಾನೊಬ್ಬಳೇ ಇರಬೇಕು.

ಮಧ್ಯಾಹ್ನದವರೆಗೆ ಕಾದ ಮಂದಿ ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ನೀರಾವರಿ ಕಚೇರಿಗೆ ಹೋದರು. ಅಲ್ಲಿ ನಡೆದದ್ದನ್ನು ಮೌಲಾಲಿ ಆಮೇಲೆ ವರ್ಣಿಸಿದ. ಸಾಹೇಬರು ಸೀಲು ಹಾಕಿದ ಪ್ರಕಟಣೆ ನೋಡಿ ಗಾಬರಿಯಾದರಂತೆ. ತಮಗೆ ತಿಳಿಸದೆ ಮೇಲಿನವರು ಹಾಕಿರಬೇಕು ಎಂದು ಮೇಲಿನವರಿಗೆ ಫೋನು ಮಾಡಿದರಂತೆ. ಮೇಲಿನವರು ತಮಗಿಂತ ಮೇಲಿನವರು ಹಾಕಿರಬೇಕು ಎಂದುಕೊಂಡರಂತೆ. ‘ಇದು ನಮ್ಮದಲ್ಲ’ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲವಂತೆ. ಹೇಗಿದ್ದರೂ ಮೇಲೆ ಮಹಾರಾಷ್ಟ್ರದ ಕಡೆ ಒಳ್ಳೆಯ ಮಳೆಯಾಗಿ ನದಿ ತುಂಬಿ ಬರುತ್ತಿತ್ತು. ಇಂದಲ್ಲ ನಾಳೆ ಬಿಡಲೇಬೇಕಾದ ನೀರು. ಹೊರಗೆ ನೋಡಿದರೆ ಹೂಳು ತೆಗೆದ ಕಾಲುವೆ, ಸಲಿಕೆ ಹಿಡಿದ ಜನ.

ಸಂಜೆ ನಾನು ಶಾಲೆಯಿಂದ ಬರುತ್ತಿದ್ದೆ. ಕಾಲುವೆಯ ಕಡೆಯಿಂದ ಒಂದು ಸದ್ದು ಕೇಳಿತು. ಒಣ ಎಲೆ, ಕಸಕಡ್ಡಿಯನ್ನು ದೂಡಿಕೊಂಡು, ಕೆಂಪಗೆ, ನೊರೆ ನೊರೆಯಾಗಿ ನೀರು ಬರುತ್ತಿತ್ತು. ಹುಡುಗರು ಅದರ ಮುಂದೆ ಮುಂದೆ ಕೇಕೆ ಹಾಕುತ್ತ ಓಡುತ್ತಿದ್ದರು. ದಂಡೆಯ ಮೇಲೆ ನಿಂತ ಹೆಂಗಸರು ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ನಾನು ಬೇಲಿಯ ಹತ್ತಿರ ನಿಂತು ನೋಡಿದೆ. ನಾನು ಬರೆದ ಸುಳ್ಳು, ನಾನು ಹೇಳಿದ ದಿನ, ನನ್ನ ಕಣ್ಣೆದುರಿಗೇ ಹರಿದು ಹೋಗುತ್ತಿತ್ತು!

ಮನೆಯವರು ಆ ಸಂಜೆಯೇ ಸೈಕಲ್ ಮೋಟಾರು ಹತ್ತಿ ಸಸಿ ಹುಡುಕಲು ಹೊರಟರು. ಕೆಂಭಾವಿಯವರೆಗೂ ಹೋಗಿ ಬಂದರು. ಎಲ್ಲೂ ಒಂದು ಕಟ್ಟು ಸಿಗಲಿಲ್ಲ. ನೀರಿನ ಸುದ್ದಿ ಖಾತ್ರಿಯಾದದ್ದರಿಂದ ಎಲ್ಲರೂ ಮೊದಲೇ ಮಾತಾಡಿ ಇಟ್ಟುಕೊಂಡಿದ್ದರು. ನಾನು ಯಂಕಮ್ಮನನ್ನು ಕೇಳಿದರೆ, “ಈಗ ಒಂದೊಂದು ದಿನಾನೂ ಹಂಚಿ ಮುಗದದಮ್ಮಾ, ನಾ ಅವತ್ತೇ ಕೇಳಿದ್ನಲ್ಲ,” ಎಂದಳು. ಮಂಗಳವಾರ ಸಂಜೆ ಮೌಲಾಲಿ ಬಂದು ಬಾಗಿಲಲ್ಲಿ ನಿಂತ. ನಮ್ಮ ಸಸಿ ಅಷ್ಟೂ ಅವನ ಹೊಲದಲ್ಲಿ ನಾಟಿ ಆಗಿತ್ತು. “ಬೆಳಿ ಬಂದಮ್ಯಾಲ ನಿಮ್ಮ ಮನಿಗಿ ತಿನ್ನಾಕ ಅಕ್ಕಿ ಮುಟ್ಟಸ್ತೀನಿ ಅಕ್ಕಾ,” ಎಂದ. ಅವನ ಕಣ್ಣು ತುಂಬಿತ್ತು. ಅವನ ಹೊಲಕ್ಕೆ ಹಾಗೆ ನೀರು ಬಂದದ್ದು ಅವನ ನೆನಪಿನಲ್ಲೇ ಇರಲಿಲ್ಲವಂತೆ. ಒಳ್ಳೆಯದಾಯಿತಣ್ಣಾ ಎಂದೆ. ಅದು ನಿಜವೂ ಆಗಿತ್ತು, ನುಂಗಲು ಕಷ್ಟವೂ ಆಗಿತ್ತು.

ಬುಧವಾರ ತರಗತಿಯಲ್ಲಿ ಚಟುವಟಿಕೆಯ ತೀರ್ಮಾನ ಹೇಳಿಸಬೇಕಿತ್ತು. ಕಾಲು ಎಳೆಯುತ್ತ ಹೋದೆ. ರೇಷ್ಮಾ ಎದ್ದು ನಿಂತು ಎಲ್ಲರ ಪರವಾಗಿ ಹೇಳಿದಳು:

“ನಾಕನೇ ಪುಟ ಖರೇ ಅದ ಟೀಚರ್. ಉಳಿದ ಮೂರು ಪುಟದಾಗ ಯಾವದರಾಗೂ ಸೋಮವಾರ ನೀರ ಬರ್ತದ ಅಂತ ಹೇಳಿಲ್ಲ. ಅವನ್ನ ನಂಬಬಾರದು.”

“ಜೂನ್ ಮೂವತ್ತೊಂದು?” ಎಂದೆ, ಸೋತ ದನಿಯಲ್ಲಿ.

“ಅದು ಸಣ್ಣ ತಪ್ಪು ಬಿಡ್ರಿ. ನೀರ ಬಂತಲ್ರಿ!”

ತರಗತಿಗೆ ತರಗತಿಯೇ ಚಪ್ಪಾಳೆ ಹೊಡೆಯಿತು. ಇನ್ನು ಆ ಮಕ್ಕಳಿಗೆ ಯಾವ ಸುಳ್ಳನ್ನು ತೋರಿಸಿ ಏನೆಂದು ಬುದ್ಧಿ ಹೇಳಲಿ? ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಡ್‌ಮಾಸ್ಟರರು ಒಳಗೆ ಬಂದು ಕೈ ಕುಲುಕಿದರು. “ಭಾಳ ಛಲೋ ಆಯ್ತು ಮೇಡಂ. ಚಟುವಟಿಕಿ ಯಶಸ್ವಿ ಆಯ್ತು ಅಂತ ಯಾದಗಿರಿಗಿ ಬರದು ಕಳಸ್ತೀನಿ. ಇನ್ನಾ ಬ್ಯಾರೆ ಸಾಲಿಗೂ ನಿಮ್ಮನ್ನೇ ಕರೀತಾರ ನೋಡ್ರಿ,” ಎಂದರು. ನನಗೆ ಅಲ್ಲೇ ಭೂಮಿ ಬಾಯಿ ತೆರೆಯಬಾರದೇ ಎನಿಸಿತು.

ಈಗ ಊರಿನ ಸುತ್ತ ಎತ್ತ ನೋಡಿದರೂ ಹಸಿರು. ನಡುವೆ ನಮ್ಮ ಹೊಲ ಒಂದೇ ಖಾಲಿ. ಮೇಲಿನ ಭಾಗದ್ದಾದ್ದರಿಂದ ನೀರು ಮಾತ್ರ ಭರ್ತಿ ನಿಂತಿದೆ. ಊರಿನ ಎಮ್ಮೆಗಳಿಗೆ ಅದು ಬಹಳ ಇಷ್ಟವಾಗಿ, ದಿನಾ ಬಂದು ಕುತ್ತಿಗೆಯವರೆಗೆ ಮುಳುಗಿ ಕುಳಿತಿರುತ್ತವೆ. ಅವನ್ನು ಎಬ್ಬಿಸಲು ಮನೆಯವರಿಗೆ ಮನಸ್ಸಿಲ್ಲ. ಬದುವಿನ ಮೇಲೆ ಕುಳಿತು ಸುಮ್ಮನೆ ನೋಡುತ್ತಾರೆ.

ಮೊನ್ನೆ ನಾನೂ ಬುತ್ತಿ ತೆಗೆದುಕೊಂಡು ಹೋಗಿ ಅವರ ಪಕ್ಕ ಕುಳಿತಿದ್ದೆ. ಸಂತೆಗೆ ಹೊರಟಿದ್ದ ಪಕ್ಕದ ಊರಿನ ಹಿರಿಯರೊಬ್ಬರು ಹೊಲವನ್ನು ಕಂಡು ನಿಂತರು.

“ಯಾಕಪ್ಪ ದೇವಿಂದ್ರಪ್ಪ, ಊರೆಲ್ಲಾ ನಾಟಿ ಮಾಡ್ಯಾದ, ನಿಂದೊಂದೇ ಯಾಕ ಹಂಗೇ ಬಿಟ್ಟೀದಿ? ನಿಮ್ಮ ಮನಿಗಿ ನೀರಿನ ಸುದ್ದಿ ಮುಟ್ಟಲಿಲ್ಲೇನು?”

ಮನೆಯವರು ನನ್ನ ಕಡೆ ನೋಡಿದರು. ನಾನು ಎಮ್ಮೆಗಳ ಕಡೆ ನೋಡಿದೆ.

“ಮುಟ್ಟಿತ್ರಿ ಕಾಕಾ,” ಎಂದರು ಅವರು. “ಊರ ಮಂದಿಗೆಲ್ಲಾ ಸುಳ್ಳು ಸುದ್ದಿ ಮುಟ್ಟಿತು. ನಮ್ಮ ಮನಿಗಿ ಮಾತ್ರ ಖರೇ ಸುದ್ದಿ ಬಂದಿತ್ತು.”